ಕಾಲಿನ ಜೋಮಿಗೆ ಕಾರಣ ಕೇಳುವವರು ಯಾರು?

ಧಾರವಾಡ ಜಿಲ್ಲೆಯ ಯಾವುದೇ ಹಳ್ಳಿಯಲ್ಲಿ ಐವತ್ತು ದಾಟಿದವರ ಆರೋಗ್ಯ ವಿಚಾರಿಸಿ ನೋಡಿ. ಮೊಣಕಾಲು ನೋವಿನ ಮಾತು ಮುಗಿದ ಮೇಲೆ ಬರುವ ದೂರು ಬಹುಮಟ್ಟಿಗೆ ಒಂದೇ: ಕೈಕಾಲು ಜುಮ್ಮೆನ್ನುತ್ತವೆ. ‘ಅಂಗಾಲಿಗೆ ಇರುವಿ ಹರದಂಗ ಆಗತೈತಿ’ ಎನ್ನುವವರಿದ್ದಾರೆ, ‘ಕಾಲು ಸತ್ತಂಗ ಆಗೇತಿ’ ಎನ್ನುವವರಿದ್ದಾರೆ. ನಡೆಯುವಾಗ ಚಪ್ಪಲಿ ಕಳಚಿ ಬಿದ್ದರೂ ತಮಗೆ ತಿಳಿಯುವುದಿಲ್ಲ ಎಂದು ನಗುತ್ತಾ ಹೇಳುವವರೂ ಇದ್ದಾರೆ. ಇದಕ್ಕೆಲ್ಲ ಊರು ಕೊಡುವ ಉತ್ತರ ಸಿದ್ಧವಾಗಿರುತ್ತದೆ: ವಾಯು, ಅಶಕ್ತಿ, ವಯಸ್ಸು. ಎಣ್ಣೆ ತಿಕ್ಕಿಸಿಕೊಂಡು ಗುಣವಾಗದಿದ್ದರೆ ಪೇಟೆಗೆ ಹೋಗಿ ಒಂದು ‘ಶಕ್ತಿ ಇಂಜೆಕ್ಷನ್’, ಒಂದು ಬಾಟಲಿ ಸಲೈನ್. ಆ ಬಳಿಕ ಜೋಮು ಹಣೆಬರಹದ ಖಾತೆಗೆ ಜಮೆಯಾಗುತ್ತದೆ. ಕಾರಣವೇ ತಿಳಿಯದ ಕಾಯಿಲೆ ಎಂದು ನಾವು ಕರೆಯುವ ಇದರ ಬಹುಪಾಲು, ವಾಸ್ತವದಲ್ಲಿ ಯಾರೂ ಕಾರಣ ಕೇಳದ ಕಾಯಿಲೆ ಎಂಬುದು ಈ ಲೇಖನದ ವಾದ.

ನಾನು ವೈದ್ಯನಲ್ಲ. ಅರ್ಥಶಾಸ್ತ್ರ ಓದಿ, ಆಡಳಿತ ಸೇವೆಯಲ್ಲಿ ಮೂರು ದಶಕ ಕಳೆದವನು. ಆ ಅವಧಿಯಲ್ಲಿ ಅಂಗವಿಕಲರ ಮಾಸಾಶನದ ಕಡತಗಳು ಸಾಕಷ್ಟು ಸಂಖ್ಯೆಯಲ್ಲಿ ನನ್ನ ಮೇಜಿಗೆ ಬಂದಿವೆ. ‘ಹುಣ್ಣಿನಿಂದಾಗಿ ಪಾದ ಕತ್ತರಿಸಲಾಗಿದೆ’ ಎಂಬ ಒಂದು ಸಾಲು ಅವುಗಳಲ್ಲಿ ಮತ್ತೆ ಮತ್ತೆ ಕಾಣುತ್ತಿತ್ತು. ಹುಣ್ಣು ಏಕಾಯಿತು, ಅದಕ್ಕೆ ಮುನ್ನ ಎಷ್ಟು ವರ್ಷ ಆ ಕಾಲಿಗೆ ಸ್ಪರ್ಶವಿರಲಿಲ್ಲ ಎಂಬುದನ್ನು ಕೇಳುವ ಕಾಲಂ ಆ ನಮೂನೆಯಲ್ಲಿರಲಿಲ್ಲ. ಜೋಮು ಹಿಡಿದ ಮನುಷ್ಯನನ್ನು ಸರ್ಕಾರ ಭೇಟಿಯಾಗುವುದು ಕಾಲು ಹೋದ ಮೇಲೆ. ಇದು ವೈದ್ಯಕೀಯ ಪ್ರಶ್ನೆಯಷ್ಟೇ ವೆಚ್ಚದ ಪ್ರಶ್ನೆಯೂ ಹೌದು.

ಮೊದಲು ದೇಹದ ರೀತಿಯನ್ನು ಅರಿತುಕೊಳ್ಳೋಣ. ಬೆನ್ನುಹುರಿಯಿಂದ ಹೊರಟು ಕಾಲ್ಬೆರಳ ತುದಿಯವರೆಗೆ ಸಾಗುವ ನರಗಳು ನಮ್ಮ ಶರೀರದಲ್ಲಿಯೇ ಅತಿ ಉದ್ದವಾದವು. ಕಾಲುವೆಯ ನೀರು ಕಡಿಮೆಯಾದಾಗ ಕೊನೆಯ ಹೊಲವೇ ಮೊದಲು ಒಣಗುತ್ತದೆ. ನವಲಗುಂದದ ರೈತರಿಗೆ ಮಲಪ್ರಭಾ ಕಾಲುವೆಯ ಉದಾಹರಣೆಯಿಂದ ಇದನ್ನು ವಿವರಿಸಬೇಕಾಗಿಲ್ಲ. ನರಗಳ ಪೋಷಣೆ ಕೆಟ್ಟಾಗಲೂ ಹಾಗೆಯೇ. ಜೋಮು ಎರಡೂ ಪಾದಗಳ ತುದಿಯಲ್ಲಿ ಆರಂಭವಾಗಿ, ನಿಧಾನವಾಗಿ ಮೇಲೇರಿ, ನಂತರ ಕೈಬೆರಳುಗಳಿಗೆ ಬರುತ್ತದೆ. ಹೀಗೆ ಎರಡೂ ಕಡೆ ಸಮನಾಗಿ ಬರುವ ಜೋಮಿನ ಕಾರಣವನ್ನು ರಕ್ತದಲ್ಲಿ, ಆಹಾರದಲ್ಲಿ, ಔಷಧದಲ್ಲಿ ಹುಡುಕಬೇಕು. ಒಂದೇ ಕೈ, ಒಂದೇ ಬೆರಳು ಅಥವಾ ಚರ್ಮದ ಒಂದು ತುಂಡು ಮಾತ್ರ ಮರಗಟ್ಟಿದ್ದರೆ ಹುಡುಕಾಟದ ದಾರಿ ಬೇರೆ.

ಕಾರಣಗಳ ಪಟ್ಟಿಯಲ್ಲಿ ಮೊದಲನೆಯದು ಮಧುಮೇಹ. ಸಕ್ಕರೆ ಕಾಯಿಲೆ ಪೇಟೆಯವರದು, ಬಿಸಿಲಲ್ಲಿ ಬೆವರು ಸುರಿಸುವವನಿಗೆ ಬಾರದು ಎಂಬ ನಂಬಿಕೆ ನಮ್ಮ ಹಳ್ಳಿಗಳಲ್ಲಿ ಇನ್ನೂ ಗಟ್ಟಿಯಾಗಿದೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಬೆಂಬಲದೊಂದಿಗೆ ದೇಶದಾದ್ಯಂತ ನಡೆದು 2023ರಲ್ಲಿ ಪ್ರಕಟವಾದ ಅಧ್ಯಯನ ಈ ನಂಬಿಕೆಯನ್ನು ಸುಳ್ಳು ಮಾಡಿದೆ. ಅದರ ಪ್ರಕಾರ ದೇಶದಲ್ಲಿ ಸುಮಾರು 10.1 ಕೋಟಿ ಮಧುಮೇಹಿಗಳಿದ್ದಾರೆ. ಗ್ರಾಮೀಣ ವಯಸ್ಕರಲ್ಲಿಯೂ ಅದರ ಪ್ರಮಾಣ ಶೇ 8.9. ಮಧುಮೇಹವು ನೋವಿಲ್ಲದೆ ಬರುತ್ತದೆ. ರೋಗ ಪತ್ತೆಯಾಗುವ ಹೊತ್ತಿಗೆ ಕೆಲವರ ಪಾದದ ನರಗಳು ಆಗಲೇ ಸೊರಗಿರುತ್ತವೆ. ಅಂಥವನು ಬರಿಗಾಲಿನಲ್ಲಿ ಹತ್ತಿ ಕೊಯ್ದ ಹೊಲಕ್ಕೆ ಇಳಿದರೆ ಕಟ್ಟಿಗೆ ಚುಚ್ಚಿದ್ದು ತಿಳಿಯುವುದಿಲ್ಲ. ಒಲೆಯ ಮುಂದೆ ಕಾಲು ಕಾಸಿಕೊಂಡರೆ ಸುಟ್ಟದ್ದು ತಿಳಿಯುವುದಿಲ್ಲ. ನೋವಿಲ್ಲದ ಗಾಯವನ್ನು ಯಾರು ತಾನೇ ಆಸ್ಪತ್ರೆಗೆ ಒಯ್ದಾರು?

ಎರಡನೆಯದು ವಿಟಮಿನ್ ಬಿ12ರ ಕೊರತೆ. ನಮ್ಮ ಜಿಲ್ಲೆಯ ಊಟದ ಬಗ್ಗೆ ನಮಗೆ ಅಭಿಮಾನವಿದೆ, ಅದು ಸಕಾರಣವೂ ಹೌದು. ಆದರೆ ಜೋಳದ ರೊಟ್ಟಿಯಲ್ಲಾಗಲಿ, ಹೆಸರುಕಾಳಿನಲ್ಲಾಗಲಿ, ಕಡಲೆಯಲ್ಲಾಗಲಿ, ಸೊಪ್ಪಿನಲ್ಲಾಗಲಿ ಈ ವಿಟಮಿನ್ ಇಲ್ಲ. ಅದು ದೊರೆಯುವುದು ಹಾಲು, ಮೊಸರು, ಮೊಟ್ಟೆ, ಮೀನು, ಮಾಂಸಗಳಿಂದ. ಸಸ್ಯಾಹಾರಿ ಕುಟುಂಬಗಳಿಗೆ ಹಾಲೊಂದೇ ಆಸರೆ. ಮನೆಯ ಎಮ್ಮೆಯ ಹಾಲು ಬೆಳಿಗ್ಗೆ ಡೇರಿಗೆ ಹೋಗಿ, ಮನೆಯವರಿಗೆ ಉಳಿಯುವುದು ಚಹಾಕ್ಕೆ ಬೇಕಾದಷ್ಟು ಮಾತ್ರ ಎಂದಾದರೆ ಆ ಆಸರೆಯೂ ತೆಳುವಾಗುತ್ತದೆ. ಹಾಲು ಮಾರಬೇಡಿ ಎಂದು ನಾನು ಹೇಳುವುದಿಲ್ಲ. ಆ ಹಣದಿಂದಲೇ ಮಕ್ಕಳ ಶುಲ್ಕ ಕಟ್ಟುವುದು ನನಗೆ ಗೊತ್ತು. ಶಾಲೆಯ ಮಕ್ಕಳಿಗೆ 2013ರಿಂದ ಕ್ಷೀರಭಾಗ್ಯವಿದೆ, ಈಚಿನ ವರ್ಷಗಳಲ್ಲಿ ಮೊಟ್ಟೆಯೂ ಸೇರಿದೆ. ಮನೆಯಲ್ಲಿ ಉಳಿದ ಅಜ್ಜಿಗೆ ಅಂಥ ಭಾಗ್ಯವಿಲ್ಲ. ವಯಸ್ಸಾದಂತೆ ದೇಹವು ಆಹಾರದಿಂದ ಬಿ12 ಹೀರುವ ಶಕ್ತಿಯೂ ಕುಗ್ಗುವುದರಿಂದ ಮಾಂಸಾಹಾರಿ ವೃದ್ಧರೂ ಇದರಿಂದ ಪಾರಲ್ಲ. ಯಕೃತ್ತಿನಲ್ಲಿ ಕೂಡಿಟ್ಟ ದಾಸ್ತಾನು ಕೆಲವು ವರ್ಷ ಸಾಗುವುದರಿಂದ ಕೊರತೆ ಕಾಣಿಸುವುದು ತಡವಾಗಿ. ಬೇಗ ಗುರುತಿಸಿದರೆ ಮಾತ್ರೆಯಿಂದ, ತೀವ್ರವಾಗಿದ್ದರೆ ಚುಚ್ಚುಮದ್ದಿನಿಂದ ಸರಿಪಡಿಸಬಹುದು. ತಡವಾದರೆ ಬೆನ್ನುಹುರಿಗೂ ಹಾನಿ ತಟ್ಟಿ, ನಡಿಗೆ ತತ್ತರಿಸುತ್ತದೆ. ಆ ಹಾನಿ ಪೂರ್ತಿ ಮರಳದಿರಬಹುದು.

ಮೂರನೆಯ ಕಾರಣ ಔಷಧಗಳೇ. ಮಧುಮೇಹಕ್ಕೆ ಕೋಟ್ಯಂತರ ಜನ ಸೇವಿಸುವ ಮೆಟ್‌ಫಾರ್ಮಿನ್ ಒಳ್ಳೆಯ ಔಷಧ. ಆದರೆ ಬಹುಕಾಲ ಸೇವಿಸಿದರೆ ಬಿ12 ಹೀರಿಕೆಯನ್ನು ತಗ್ಗಿಸುತ್ತದೆ. ಹೊಟ್ಟೆಯ ಆಮ್ಲ ತಗ್ಗಿಸಲು ವರ್ಷಗಟ್ಟಲೆ ನುಂಗುವ ಮಾತ್ರೆಗಳದೂ ಇದೇ ಗುಣ. ಹೀಗಾಗಿ ಮಧುಮೇಹಿಯ ಜೋಮೆಲ್ಲ ಮಧುಮೇಹದ್ದೇ ಎಂದು ಕೈಚೆಲ್ಲುವಂತಿಲ್ಲ. ಕ್ಷಯರೋಗಕ್ಕೆ ಕೊಡುವ ಐಸೋನಿಯಜಿಡ್ ನರಗಳನ್ನು ಬಾಧಿಸಬಲ್ಲದು. ಅದಕ್ಕಾಗಿಯೇ ಜೊತೆಗೆ ಬಿ6 ಮಾತ್ರೆ ಕೊಡುವ ಪದ್ಧತಿ ಇದೆ. ಇನ್ನೊಂದೆಡೆ, ‘ನರಗಳ ಟಾನಿಕ್’ ಎಂದು ಯಾರನ್ನೂ ಕೇಳದೆ ತಿಂಗಳುಗಟ್ಟಲೆ ಹೆಚ್ಚು ಪ್ರಮಾಣದ ಬಿ6 ನುಂಗಿದರೆ ಅದೇ ಜೋಮು ತರುತ್ತದೆ. ವೈದ್ಯರನ್ನು ಕೇಳದೆ ಔಷಧ ನಿಲ್ಲಿಸುವುದೂ ತಪ್ಪು, ಕೇಳದೆ ಸೇರಿಸುವುದೂ ತಪ್ಪು. ಬಹುಕಾಲದ ಮದ್ಯಪಾನವನ್ನೂ ಇದೇ ಸಾಲಿನಲ್ಲಿಡಬೇಕು. ಅದು ನರವನ್ನೂ ಸುಡುತ್ತದೆ, ಊಟವನ್ನೂ ಕಸಿಯುತ್ತದೆ.

ನಾಲ್ಕನೆಯದು ನಾವು ಮರೆತುಬಿಟ್ಟಿರುವ ಕುಷ್ಠ. 10,000 ಜನರಿಗೆ ಒಂದಕ್ಕಿಂತ ಕಡಿಮೆ ಪ್ರಕರಣ ಎಂಬ ಮಟ್ಟವನ್ನು ಭಾರತ 2005ರ ಡಿಸೆಂಬರ್‌ನಲ್ಲಿ ತಲುಪಿತು. ಸಾರ್ವಜನಿಕ ಆರೋಗ್ಯ ಸಮಸ್ಯೆಯಾಗಿ ಕುಷ್ಠ ನಿವಾರಣೆಯಾಯಿತು ಎಂಬ ಆ ಘೋಷಣೆಯನ್ನು ಜನರು, ಕೆಲಮಟ್ಟಿಗೆ ವ್ಯವಸ್ಥೆಯೂ, ರೋಗವೇ ಹೋಯಿತು ಎಂದು ಓದಿಕೊಂಡರು. ಇಂದಿಗೂ ಜಗತ್ತಿನ ಹೊಸ ಕುಷ್ಠ ರೋಗಿಗಳಲ್ಲಿ ಅರ್ಧಕ್ಕೂ ಹೆಚ್ಚು ಜನ ಭಾರತದವರು. ಬಣ್ಣಗೆಟ್ಟ, ಮುಟ್ಟಿದರೆ ತಿಳಿಯದ ಮಚ್ಚೆ, ಕಿರುಬೆರಳು ಮರಗಟ್ಟುವುದು, ಮೊಣಕೈ ಬಳಿ ದಪ್ಪಗಾದ ನರ, ಇವುಗಳನ್ನು ಎಲ್ಲ ಆರೋಗ್ಯ ಕಾರ್ಯಕರ್ತರೂ ಬಲ್ಲವರಾಗಿರಬೇಕು. ಸರ್ಕಾರಿ ಆಸ್ಪತ್ರೆಗಳಲ್ಲಿ ಔಷಧ ಉಚಿತ. ರೋಗದ ಬಗೆಯನ್ನು ನೋಡಿ 6 ಅಥವಾ 12 ತಿಂಗಳಲ್ಲಿ ಚಿಕಿತ್ಸೆ ಮುಗಿಯುತ್ತದೆ. ತಡೆಯೊಡ್ಡುವುದು ಮರ್ಯಾದೆಯ ಭಯ.

ಐದನೆಯದು ಹೊಲದ ವಿಷ. ಕುಂದಗೋಳ, ಅಣ್ಣಿಗೇರಿ ಭಾಗದ ಮೆಣಸಿನಕಾಯಿ ಮತ್ತು ಹತ್ತಿ, ಕಲಘಟಗಿಯ ಗೋವಿನಜೋಳ, ಇವಕ್ಕೆ ಕೀಟನಾಶಕ ಸಿಂಪಡಿಸುವವನು ಕೂಲಿಯವನು. ಅವನಿಗೆ ಕೈಗವಸು, ಬೂಟು ಒದಗಿಸುವವರು ವಿರಳ. ಆರ್ಗನೋಫಾಸ್ಫೇಟ್ ವರ್ಗದ ಕೆಲವು ವಿಷಗಳು ತೀವ್ರವಾಗಿ ದೇಹ ಸೇರಿದರೆ, ರೋಗಿ ಚೇತರಿಸಿಕೊಂಡ ಎರಡು-ಮೂರು ವಾರಗಳ ಬಳಿಕ ಪಾದಗಳಲ್ಲಿ ಜೋಮು, ಆಮೇಲೆ ಬಲಹೀನತೆ ಕಾಣಿಸಬಹುದು. ಆ ಹೊತ್ತಿಗೆ ಸಿಂಪಡಣೆಯ ನೆನಪು ಹಳತಾಗಿರುತ್ತದೆ, ಕೇಳದ ಹೊರತು ಹೇಳುವವರಿಲ್ಲ. 1988ರಲ್ಲಿ ಕಲ್ಕತ್ತದ ಬೆಹಾಲಾ ಪ್ರದೇಶದಲ್ಲಿ ನೂರಾರು ಜನರಿಗೆ ಮೀನಖಂಡದ ನೋವು, ಜೋಮು, ನಂತರ ಪಾದದ ಪಾರ್ಶ್ವವಾಯು ಬಂದಾಗ ಅದೂ ಮೊದಲಿಗೆ ಒಗಟಿನಂತೆಯೇ ಇತ್ತು. ರೋಗಿಗಳು ಏನು ತಿಂದರೆಂದು ವಿಚಾರಿಸುತ್ತ ಹೋದಾಗ ಅಡುಗೆ ಎಣ್ಣೆಯಲ್ಲಿ ಬೆರೆತಿದ್ದ ಟ್ರೈಕ್ರೆಸಿಲ್ ಫಾಸ್ಫೇಟ್ ಎಂಬ, ಇದೇ ಬಳಗದ ರಾಸಾಯನಿಕ ಸಿಕ್ಕಿಬಿತ್ತು. ಒಗಟು ಒಡೆದದ್ದು ಕೇಳಿದ ಪ್ರಶ್ನೆಯಿಂದ.

ಇವೆಲ್ಲ ಮುಖ್ಯವಾಗಿ ಪಾದದಿಂದ, ಇಲ್ಲವೆ ಮಚ್ಚೆಯಿಂದ ಆರಂಭವಾಗುವ ಕಥೆಗಳಾದವು. ರಾತ್ರಿ ಹೆಬ್ಬೆರಳು, ತೋರುಬೆರಳು, ಮಧ್ಯದ ಬೆರಳು ಜೋಮು ಹಿಡಿದು ಎಚ್ಚರವಾಗಿ, ಕೈ ಕೊಡವಿದರೆ ಹಗುರಾಗುತ್ತಿದ್ದರೆ ಅದು ಮಣಿಕಟ್ಟಿನಲ್ಲಿ ನರ ಒತ್ತಿಹೋದ ಲಕ್ಷಣ. ದಿನವೂ ರಾಶಿ ರೊಟ್ಟಿ ಬಡಿಯುವ, ಕಳೆ ಕೀಳುವ, ನವಲಗುಂದದ ಜಮಖಾನ ನೇಯುವ ಮಹಿಳೆಯರ ಕೈಗಳು ಎಂಥ ಶ್ರಮದವು ಎಂಬುದನ್ನು ನೆನೆದರೆ, ಅವರ ದೂರನ್ನು ‘ಅಶಕ್ತಿ’ ಎಂದು ತಳ್ಳಿಹಾಕುವುದು ಎಷ್ಟು ಅನ್ಯಾಯವೆಂದು ತಿಳಿಯುತ್ತದೆ. ಥೈರಾಯ್ಡ್ ಕೊರತೆಯಿದ್ದರೂ ಹೀಗಾಗಬಹುದು. ಅದಕ್ಕೆ ಒಂದು ರಕ್ತಪರೀಕ್ಷೆ ಸಾಕು.

ಕಾಯಲೇಬಾರದ ಎರಡು ಸಂದರ್ಭಗಳಿವೆ. ದೇಹದ ಒಂದೇ ಬದಿ ಹಠಾತ್ತಾಗಿ ಮರಗಟ್ಟಿ, ಬಾಯಿ ಸೊಟ್ಟಗಾಗಿ, ಮಾತು ತೊದಲಿದರೆ ಅದು ಪಾರ್ಶ್ವವಾಯು. ಮೊದಲ ನಾಲ್ಕೂವರೆ ಗಂಟೆಯೊಳಗೆ ಚಿಕಿತ್ಸೆ ಆರಂಭವಾದರೆ ಫಲ ಹೆಚ್ಚು. ಜೋಮಿನ ಜೊತೆಗೆ ಕಾಲಿನ ಬಲ ಕೆಲವೇ ದಿನಗಳಲ್ಲಿ ಕುಸಿದು, ದೌರ್ಬಲ್ಯ ಮೇಲಕ್ಕೇರತೊಡಗಿದರೆ ಅದು ಗಿಲಿಯನ್-ಬಾರೆ ಆಗಿರಬಹುದು, ಉಸಿರಾಟಕ್ಕೂ ಕುತ್ತು. 2025ರ ಆರಂಭದಲ್ಲಿ ಪುಣೆಯಲ್ಲಿ ಈ ರೋಗ ಗುಂಪಾಗಿ ಕಾಣಿಸಿದ್ದು ಓದುಗರಿಗೆ ನೆನಪಿರಬಹುದು. ಇಂಥವರನ್ನು ಊರಿನ ಇಂಜೆಕ್ಷನ್ನಿಗೆ ಒಪ್ಪಿಸದೆ ನೇರವಾಗಿ ಹುಬ್ಬಳ್ಳಿಯ ದೊಡ್ಡಾಸ್ಪತ್ರೆಗೆ, ಜನರು ಇಂದಿಗೂ ಕಿಮ್ಸ್ ಎಂದೇ ಕರೆಯುವ ಸರ್ಕಾರಿ ವೈದ್ಯಕೀಯ ಕಾಲೇಜು ಆಸ್ಪತ್ರೆಗೆ ಒಯ್ಯುವುದು ಕ್ಷೇಮ.

ಈಗ ಲೆಕ್ಕದ ಮಾತಿಗೆ ಬರೋಣ. 2018ರಲ್ಲಿ ಜಾರಿಗೆ ಬಂದ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಡಿ ಬಡ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಆಸ್ಪತ್ರೆ ಚಿಕಿತ್ಸೆಯ ರಕ್ಷಣೆ ಇದೆ. ಇದು ಸ್ವಾಗತಾರ್ಹ. ಆದರೆ ಅದರ ರಚನೆಯೇ ಒಳರೋಗಿಗಾಗಿ. ಕಾಲು ಕತ್ತರಿಸುವ ಶಸ್ತ್ರಚಿಕಿತ್ಸೆಗೆ ಹಣ ದೊರೆಯುತ್ತದೆ. ಆ ಕಾಲನ್ನು ಹತ್ತು ವರ್ಷ ಮೊದಲೇ ಉಳಿಸಬಹುದಾಗಿದ್ದ ಹೊರರೋಗಿ ಪರೀಕ್ಷೆಗೆ ರೋಗಿಯೇ ಕಿಸೆ ತಡಕಬೇಕು. ಅರ್ಥಶಾಸ್ತ್ರದ ಯಾವ ಅಳತೆಯಿಂದ ನೋಡಿದರೂ ಇದು ತಲೆಕೆಳಗಾದ ವೆಚ್ಚ. ದುಡಿಯುವ ಮನುಷ್ಯ ಒಂದು ಪಾದ ಕಳೆದುಕೊಂಡಾಗ ಹೋಗುವುದು ಅವನ ಕೂಲಿ ಮಾತ್ರವಲ್ಲ. ಅವನನ್ನು ನೋಡಿಕೊಳ್ಳಲು ಉಳಿಯುವ ಹೆಂಡತಿಯ ಕೂಲಿ, ಕೆಲವೊಮ್ಮೆ ಮಗಳ ಓದು ಕೂಡ.

ಬೇಕಾಗಿರುವುದು ಹೊಸ ಇಲಾಖೆಯಲ್ಲ. ಕೋಲಾರದಲ್ಲಿ 2024ರಲ್ಲಿ ಆರಂಭವಾದ ಗೃಹ ಆರೋಗ್ಯ ಯೋಜನೆ ಮನೆಬಾಗಿಲಲ್ಲಿ ಅಸಾಂಕ್ರಾಮಿಕ ರೋಗಗಳ ತಪಾಸಣೆಯ ದಾರಿ ತೆರೆದಿದೆ. ನಮೂನೆಯಲ್ಲಿ ಕಾಲಂ ಇರುವುದು ಬೇರೆ, ಅಂಗಾಲನ್ನು ಮುಟ್ಟಿ ನೋಡುವುದು ಬೇರೆ. ಹತ್ತು ಗ್ರಾಂ ಒತ್ತಡಕ್ಕೆ ಬಾಗುವ ಒಂದು ನೈಲಾನ್ ಎಳೆಯನ್ನು ಪಾದದ ಕೆಲವು ಬಿಂದುಗಳಿಗೆ ತಾಗಿಸಿ, ಕಣ್ಣು ಮುಚ್ಚಿದ ವ್ಯಕ್ತಿಗೆ ತಿಳಿಯುತ್ತದೆಯೇ ಎಂದು ಕೇಳುವುದಷ್ಟೇ ಪರೀಕ್ಷೆ. ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿಗೆ 1946ರಲ್ಲಿ ಬಂದ ಶಸ್ತ್ರಚಿಕಿತ್ಸಕ ಪಾಲ್ ಬ್ರ್ಯಾಂಡ್, ಕುಷ್ಠರೋಗಿಗಳ ಕೈಕಾಲು ಸವೆಯುವುದು ಮಾಂಸ ಕೊಳೆತು ಅಲ್ಲ, ನೋವು ತಿಳಿಯದೆ ಆಗುವ ಗಾಯಗಳಿಂದ ಎಂದು ತೋರಿಸಿಕೊಟ್ಟರು. ಆ ತಿಳಿವಳಿಕೆಯೇ ಮುಂದೆ ಮಧುಮೇಹಿಗಳ ಪಾದರಕ್ಷಣೆಗೂ ದಾರಿದೀಪವಾಯಿತು. ನೆರೆರಾಜ್ಯದಲ್ಲಿ ಹುಟ್ಟಿದ ಜ್ಞಾನ ಕಲಘಟಗಿಯ ಉಪಕೇಂದ್ರಕ್ಕೆ ಬರಲು ಇನ್ನೆಷ್ಟು ದಶಕ ಬೇಕು?

ನನ್ನ ಸಲಹೆಗಳು ನಾಲ್ಕು. ಆಶಾ ಕಾರ್ಯಕರ್ತೆಯ ಪ್ರಶ್ನೆಗಳಲ್ಲಿ ‘ಕೈಕಾಲು ಜುಮ್ಮೆನ್ನುತ್ತವೆಯೇ’ ಎಂಬುದು ಕಡ್ಡಾಯವಾಗಿರಲಿ, ಹೌದೆಂದವರಿಗೆ ಎಳೆಯ ಪರೀಕ್ಷೆಯೂ ಮಚ್ಚೆಯ ತಪಾಸಣೆಯೂ ನಡೆಯಲಿ. ರಕ್ತದ ಸಕ್ಕರೆ, ಬಿ12, ಥೈರಾಯ್ಡ್ ಈ ಮೂರೂ ಪರೀಕ್ಷೆಗಳು ತಾಲ್ಲೂಕು ಆಸ್ಪತ್ರೆಯಲ್ಲಿ ಉಚಿತವಾಗಿ ದೊರೆಯಲಿ. ಅಲ್ಲಿ ಯಂತ್ರವಿಲ್ಲದಿದ್ದರೆ ಮಾದರಿ ಜಿಲ್ಲಾ ಕೇಂದ್ರಕ್ಕೆ ಹೋಗಲಿ, ರೋಗಿ ಬಸ್ ಹಿಡಿಯುವುದು ಬೇಡ. ಸ್ಪರ್ಶ ಕಳೆದುಕೊಂಡ ಪ್ರತಿಯೊಬ್ಬರಿಗೂ, ಕಾರಣ ಯಾವುದೇ ಇರಲಿ, ಕುಷ್ಠರೋಗಿಗಳಿಗೆ ಕೊಡುವ ಮೆತ್ತನೆಯ ರಬ್ಬರಿನ ಪಾದರಕ್ಷೆ ಕೊಡಲಿ. ಕೀಟನಾಶಕ ಮಾರುವ ಅಂಗಡಿಯಲ್ಲಿ ಕೈಗವಸಿಲ್ಲದೆ ಡಬ್ಬಿ ಮಾರುವಂತಿಲ್ಲ ಎಂಬ ನಿಯಮವನ್ನು ಕೃಷಿ ಇಲಾಖೆ ತರಲಿ.

ಎಷ್ಟೇ ಪರೀಕ್ಷಿಸಿದರೂ ಕೆಲವರ ಜೋಮಿಗೆ ಕಾರಣ ಸಿಗುವುದಿಲ್ಲ ಎಂದು ವೈದ್ಯರು ಹೇಳಬಹುದು. ಅದು ನಿಜ, ಉತ್ತಮ ನರರೋಗ ಕೇಂದ್ರಗಳಲ್ಲಿಯೂ ಒಂದಷ್ಟು ಪ್ರಕರಣಗಳು ಹಾಗೆಯೇ ಉಳಿಯುತ್ತವೆ. ಆದರೆ ಹುಡುಕಿ ಸಿಗದ ಕಾರಣಕ್ಕೂ ಹುಡುಕದೇ ಬಿಟ್ಟ ಕಾರಣಕ್ಕೂ ಅಂತರವಿದೆ. ಮೊದಲನೆಯದರಲ್ಲಿ ರೋಗಿಗೆ ಪಾದ ಕಾಪಾಡಿಕೊಳ್ಳುವ ತಿಳಿವಳಿಕೆಯಾದರೂ ದೊರೆಯುತ್ತದೆ. ಎರಡನೆಯದರಲ್ಲಿ ಅವನಿಗೆ ದೊರೆಯುವುದು ಮಾಸಾಶನದ ಅರ್ಜಿ. ಆ ಅರ್ಜಿಗಳ ಸಂಖ್ಯೆ ಇಳಿಯಬೇಕೆಂದರೆ ಆರೋಗ್ಯ ಇಲಾಖೆ ರೋಗಿಯ ಪಾದದ ಬಳಿಗೆ ಮೊದಲೇ ಬಾಗಬೇಕು.