ಭಂಗಾರದಲ್ಲೂ ಬಂಗಾರವಿದೆ

ಭೂಗರ್ಭದ ಲೋಹ ಅಕ್ಷಯಪಾತ್ರೆಯಲ್ಲ ಎಂಬುದನ್ನು ಕನ್ನಡಿಗರಿಗೆ ಬೇರೆ ಯಾರೂ ಹೇಳಿಕೊಡಬೇಕಾಗಿಲ್ಲ. ನೂರಿಪ್ಪತ್ತು ವರ್ಷ ಚಿನ್ನ ಕೊಟ್ಟ ಕೋಲಾರದ ಗಣಿ 2001ರಲ್ಲಿ ಮುಚ್ಚಿತು. ಸುಪ್ರೀಂ ಕೋರ್ಟಿನ ಆದೇಶದಂತೆ ಕುದುರೆಮುಖದ ಕಬ್ಬಿಣದ ಗಣಿಗಾರಿಕೆ 2005ರ ಕೊನೆಗೆ ನಿಂತಿತು.

ಆದರೆ ಲೋಹವನ್ನು ಮತ್ತೆ ಮತ್ತೆ ಕರಗಿಸಿ ಬಳಸಬಹುದು. ಅದಿರಿನಿಂದ ಹೊಸ ಅಲ್ಯೂಮಿನಿಯಂ ತೆಗೆಯಲು ಬೇಕಾಗುವ ಶಕ್ತಿಯಲ್ಲಿ ಸುಮಾರು ಶೇ. 5ರಷ್ಟಿದ್ದರೆ ಹಳೆಯದನ್ನು ಕರಗಿಸಲು ಸಾಕು. ಒಂದು ಟನ್ ಹಳೆಯ ಮೊಬೈಲುಗಳಲ್ಲಿ ಒಂದು ಟನ್ ಚಿನ್ನದ ಅದಿರಿಗಿಂತ ಹಲವು ಪಟ್ಟು ಹೆಚ್ಚು ಚಿನ್ನವಿರುತ್ತದೆ.

ಮುಂಬಯಿಯ ಕುರ್ಲಾ, ಧಾರಾವಿಗಳಲ್ಲಿ ಈ ಕಾಯಕ ದಶಕಗಳಿಂದ ನಡೆದಿದೆ. ಆ ಶ್ರಮಿಕರ ಉಪಕಾರ ಸಣ್ಣದಲ್ಲ. ಆದರೆ ಎಲ್ಲೇ ಆಗಲಿ, ತಾಮ್ರಕ್ಕಾಗಿ ವಯರ್ ಸುಡುವುದು, ಸರ್ಕ್ಯೂಟ್ ಬೋರ್ಡನ್ನು ಆಸಿಡ್‌ನಲ್ಲಿ ಅದ್ದುವುದು ಆರೋಗ್ಯಕ್ಕೆ ಮಾರಕ. ಆದ್ದರಿಂದ ಕಬ್ಬಿಣ, ಹಿತ್ತಾಳೆ, ಅಲ್ಯೂಮಿನಿಯಂ ಭಂಗಾರದವರಿಗೆ ಹೋಗಲಿ. ಕಂಪ್ಯೂಟರ್, ಮೊಬೈಲ್, ಬ್ಯಾಟರಿಗಳು ನೋಂದಾಯಿತ ಸಂಸ್ಕರಣಾ ಘಟಕಗಳಿಗೇ ಸೇರಲಿ.

ನಮ್ಮ ಸಂಘಗಳ ಕಚೇರಿಗಳಲ್ಲಿ ತುಕ್ಕು ಹಿಡಿದ ಕುರ್ಚಿ, ಕೆಟ್ಟ ಫ್ಯಾನ್, ಹಳೆಯ ಕಂಪ್ಯೂಟರ್ ಎಷ್ಟಿಲ್ಲ? ರಾಜ್ಯೋತ್ಸವಕ್ಕೆ ಮೊದಲು ಒಂದು ಭಾನುವಾರ, ಸದಸ್ಯರ ಮನೆಗಳದ್ದನ್ನೂ ಸೇರಿಸಿ ವಿಲೇವಾರಿ ಮಾಡಿದರೆ ಬಂದ ಹಣ ವಿದ್ಯಾರ್ಥಿವೇತನ ನಿಧಿಗಾದೀತು. ತವರಿನ ಗುಡ್ಡಗಳ ಮೇಲಿನ ಭಾರವೂ ಅಷ್ಟರಮಟ್ಟಿಗೆ ಇಳಿದೀತು. ಸಂಘಗಳ ಪದಾಧಿಕಾರಿಗಳು ಮನಸ್ಸು ಮಾಡಬೇಕು.