ತಾತ ಮರೆತ ಗುಟ್ಟಿನ ಮಾತು

ಮಕ್ಕಳೇ, ಹಿರಿಯರೇ, ಈ ವಾರ ನನ್ನ ಮರೆವಿನ ಕಥೆಯನ್ನೇ ಹೇಳಿಬಿಡುತ್ತೇನೆ. ನಗು ಬಂದರೆ ನಗಿರಿ, ಬೇಜಾರಿಲ್ಲ.

ಮೇಷ್ಟರ ಕೆಲಸದಿಂದ ನಿವೃತ್ತನಾದ ಮೇಲೆ ನಾನು ಹಿಡಿದ ಹವ್ಯಾಸ ಒಂದೇ. ನಮ್ಮ ತಂಬ್ರಹಳ್ಳಿ ಸೀಮೆಯ ಹಳೆಯ ಮಾತುಗಳನ್ನು ಕೂಡಿಹಾಕುವುದು. ಕೂರಿಗೆ, ಎಡೆಕುಂಟೆ, ಹಗೇವು, ಹರಿಗೋಲು ಹೀಗೆ ಹೊಲದವು, ಅಡಿಗೆಮನೆಯವು, ತುಂಗಭದ್ರಾ ಹಿನ್ನೀರಿನ ದಂಡೆಯವು. ಮೊದಲು ನೋಟ್‌ಬುಕ್ಕಿನಲ್ಲಿ ಬರೆಯುತ್ತಿದ್ದೆ. ಅದರಲ್ಲಿ ಎರಡನ್ನು ಇಲಿ ಕಡಿದು ಹಾಕಿತು. ಹೊಸಪೇಟೆಯಲ್ಲಿ ಕಂಪ್ಯೂಟರ್ ಓದುವ ಮೊಮ್ಮಗಳು ಅದನ್ನು ನೋಡಿ, ಮನೆಯ ಕಂಪ್ಯೂಟರಿನಲ್ಲಿ ಮೈಎಸ್‌ಕ್ಯೂಎಲ್ ಎಂಬ ಡೇಟಾಬೇಸ್ ಹಾಕಿಕೊಟ್ಟಳು.

ಡೇಟಾಬೇಸ್ ಎಂದರೆ ಹೆದರಬೇಡಿ. ನಿಮ್ಮ ಶಾಲೆಯ ಹಾಜರಿ ಪುಸ್ತಕ ಇದೆಯಲ್ಲ, ಹಾಗೇ ಗೆರೆ ಹಾಕಿದ ಪಟ್ಟಿ. ಆದರೆ ಎಷ್ಟು ಸಾವಿರ ಸಾಲಿದ್ದರೂ ಕೇಳಿದ್ದನ್ನು ಚಿಟಿಕೆ ಹೊಡೆಯುವಷ್ಟರಲ್ಲಿ ಹುಡುಕಿ ಕೊಡುತ್ತದೆ. ನನ್ನ ಪಟ್ಟಿಯಲ್ಲಿ ಮೂರು ಮನೆ: ಪದ, ಅರ್ಥ, ಹೇಳಿದವರು ಯಾರು. ಇದೆಲ್ಲ ಇದ್ದದ್ದು ಇಂಟರ್ನೆಟ್ಟಿನಲ್ಲಲ್ಲ, ನಮ್ಮ ಪಡಸಾಲೆಯ ಪೆಟ್ಟಿಗೆಯಲ್ಲೇ. ಅಂದಹಾಗೆ, ಮೈಎಸ್‌ಕ್ಯೂಎಲ್‌ನ ‘ಮೈ’ ಒಬ್ಬ ಹುಡುಗಿಯ ಹೆಸರು. ಅದನ್ನು ಕಟ್ಟಿದವರಲ್ಲಿ ಒಬ್ಬರಾದ ಫಿನ್‌ಲೆಂಡಿನ ಮೈಕೆಲ್ ವಿಡೇನಿಯಸ್ ತಮ್ಮ ಮಗಳ ಹೆಸರನ್ನೇ ಇಟ್ಟರು. ಮುಂದೆ ಇನ್ನೊಂದು ಡೇಟಾಬೇಸಿಗೆ ಕಿರಿಮಗಳು ಮರಿಯಾಳ ಹೆಸರು ಬಂತು, ಅದೇ ಮರಿಯಾಡಿಬಿ.

“ತಾತ, ಪಾಸ್‌ವರ್ಡ್ ನೀನೇ ಇಡು, ನನಗೂ ಹೇಳಬ್ಯಾಡ” ಅಂದಿದ್ದಳು ಮೊಮ್ಮಗಳು. ಇಟ್ಟೆ. ಆಮೇಲೆ ಕಣ್ಣಿನ ಪೊರೆ ತೆಗೆಸಿಕೊಂಡು ಎರಡು ತಿಂಗಳು ಕಂಪ್ಯೂಟರ್ ಮುಟ್ಟಲಿಲ್ಲ. ಮರಳಿ ಕೂತಾಗ ಪಾಸ್‌ವರ್ಡ್ ನೆನಪಿಗೇ ಬರಲಿಲ್ಲ. ಹುಟ್ಟಿದ ಊರು, ಹಸುವಿನ ಹೆಸರು, ಮದುವೆಯಾದ ವರ್ಷ ಎಲ್ಲ ಒತ್ತಿ ನೋಡಿದೆ. ಪ್ರತಿ ಸಲವೂ ‘ಪ್ರವೇಶವಿಲ್ಲ’ ಎಂಬ ಉತ್ತರ.

ನಿಜ ಹೇಳಬೇಕೆಂದರೆ ಹೊಟ್ಟೆಯಲ್ಲಿ ಕಲಸಿದಂತಾಯಿತು. ಆ ಪಟ್ಟಿಗೆ ಪದ ಕೊಟ್ಟವರಲ್ಲಿ ಒಂಬತ್ತು ಮಂದಿ ಈಗಿಲ್ಲ. ನನ್ನ ಅವ್ವನೂ ಇಲ್ಲ. ಮತ್ತೆ ಯಾರನ್ನು ಕೇಳಲಿ? ಅದಕ್ಕಿಂತ ದೊಡ್ಡ ಭಯ ಇನ್ನೊಂದು: ನನಗೂ ಅರುಳು ಮರುಳು ಶುರುವಾಯಿತೇ? ನಾಲ್ಕು ದಿನ ಯಾರಿಗೂ ಹೇಳಲಿಲ್ಲ. ಐದನೆಯ ದಿನ ಫೋನ್ ಮಾಡಿದೆ.

“ಯವ್ವಾ, ನಾನಂತೂ ಮರತೀನಿ. ಕಂಪ್ಯೂಟರಿಗೆ ಗೊತ್ತಿರ್ತೈತಲ್ಲ, ಅದನ್ನ ಕೇಳಿ ಹೇಳು.”

“ತಾತ, ಅದಕ್ಕೂ ಗೊತ್ತಿಲ್ಲ!” ಅಂದಳು.

ನಾನು ಬೆಪ್ಪಾದೆ. ಭಾನುವಾರ ಬಸ್ ಹತ್ತಿ ಬಂದವಳು ಜೋಳದ ರೊಟ್ಟಿ ತಿನ್ನುತ್ತಾ ಬಿಡಿಸಿ ಹೇಳಿದಳು. ಪಾಸ್‌ವರ್ಡನ್ನು ಕಂಪ್ಯೂಟರ್ ಇದ್ದಂತೆ ಬರೆದಿಟ್ಟುಕೊಳ್ಳುವುದಿಲ್ಲ. ಜೋಳ ಬೀಸಿದಂತೆ ಲೆಕ್ಕದಲ್ಲಿ ಬೀಸಿ, ಹಿಟ್ಟನ್ನು ಮಾತ್ರ ಇಟ್ಟುಕೊಳ್ಳುತ್ತದೆ. ಹಿಟ್ಟಿನಿಂದ ಕಾಳು ಮಾಡಲು ಬರುತ್ತದೆಯೇ? ನಾವು ಪಾಸ್‌ವರ್ಡ್ ಒತ್ತಿದಾಗ ಅದನ್ನೂ ಬೀಸಿ, ಎರಡು ಹಿಟ್ಟೂ ಒಂದೇ ಆದರೆ ಬಾಗಿಲು ತೆರೆಯುತ್ತದೆ. ಬೀಸುವ ಮುನ್ನ ಒಂದು ಚಿಟಿಕೆ ಬೇರೆ ಅಕ್ಷರಗಳನ್ನೂ ಸೇರಿಸುತ್ತದೆ. ಅದಕ್ಕೆ ಕಂಪ್ಯೂಟರಿನವರು ಇಟ್ಟ ಹೆಸರೇ ‘ಉಪ್ಪು’. ಹೀಗಾಗಿ ಇಬ್ಬರ ಪಾಸ್‌ವರ್ಡ್ ಒಂದೇ ಇದ್ದರೂ ಹಿಟ್ಟು ಬೇರೆಯಾಗುತ್ತದೆ. ಕಳ್ಳ ಹಿಟ್ಟು ಕದ್ದರೂ ಕಾಳು ಯಾವುದೆಂದು ಸುಲಭವಾಗಿ ತಿಳಿಯದು.

“ಹಂಗಾದ್ರೆ ನನ್ನ ಪದಗಳು ಹೋದವೇನವ್ವ?”

“ಪದಗಳು ಎಲ್ಲೂ ಹೋಗಿಲ್ಲ ತಾತ. ಹಳೇ ಪಾಸ್‌ವರ್ಡ್ ಹುಡುಕಾಕೆ ಆಗಲ್ಲ, ಹೊಸದು ಇಡಾಕೆ ಆಗ್ತೈತಿ. ಕಂಪ್ಯೂಟರ್ ನಮ್ದೇ ಅಲ್ಲೇನು?”

ಹಿಂದೆ ನೆಲದೊಳಗಿನ ಹಗೇವಿನಲ್ಲಿ ಜೋಳ ತುಂಬಿಡುತ್ತಿದ್ದರು. ಬಾಯಿ ತೆಗೆದ ಕೂಡಲೇ ಯಾರೂ ಇಳಿಯುತ್ತಿರಲಿಲ್ಲ, ಒಳಗಿನ ಕೆಟ್ಟ ಗಾಳಿ ಹೋಗಲಿ ಎಂದು ಕಾಯುತ್ತಿದ್ದರು. ಮೊಮ್ಮಗಳೂ ಅವಸರ ಮಾಡಲಿಲ್ಲ. ಮೊದಲು ಡೇಟಾಬೇಸನ್ನು ನಿಲ್ಲಿಸಿದಳು. ಅದರ ಫೋಲ್ಡರನ್ನು ಇಡಿಯಾಗಿ ಪೆನ್‌ಡ್ರೈವಿಗೆ ನಕಲು ಮಾಡಿಕೊಂಡಳು. ಆಮೇಲೆ ಒಂದು ಖಾಲಿ ಫೈಲಿನಲ್ಲಿ ಒಂದೇ ಸಾಲು ಬರೆದಳು: ‘ರೂಟ್’ ಎಂಬ ಯಜಮಾನನ ಪಾಸ್‌ವರ್ಡ್ ಇನ್ನು ಮುಂದೆ ಇಂಥದ್ದು. ಡೇಟಾಬೇಸ್ ಮತ್ತೆ ಏಳುವಾಗ ಮೊದಲು ಆ ಫೈಲನ್ನು ಓದಿಕೊಂಡು ಏಳಲಿ ಎಂದು ಆಜ್ಞೆ ಕೊಟ್ಟಳು. ಹೊಸ ಪಾಸ್‌ವರ್ಡ್ ನಾನೇ ಒತ್ತಿದೆ. ಬಾಗಿಲು ತೆರೆಯಿತು! ಕೂಡಲೇ ಆ ಫೈಲನ್ನು ಅಳಿಸಿ, ಡೇಟಾಬೇಸನ್ನು ನಿಲ್ಲಿಸಿ ಎಂದಿನಂತೆ ಶುರು ಮಾಡಿದಳು. ಪಾಸ್‌ವರ್ಡ್ ಬರೆದ ಫೈಲನ್ನು ಹಾಗೇ ಬಿಟ್ಟರೆ ಕೀಲಿಯನ್ನು ಬಾಗಿಲಲ್ಲೇ ನೇತುಹಾಕಿದಂತೆ.

ಮಕ್ಕಳೇ, ಒಂದು ಮಾತು ನೆನಪಿಡಿ. ಇದು ನಮ್ಮ ಮನೆಯ ಬೀಗ, ನಾವೇ ಬದಲಿಸಿದೆವು. ಬೇರೆಯವರ ಕಂಪ್ಯೂಟರಿನಲ್ಲಿ ಅವರನ್ನು ಕೇಳದೆ ಹೀಗೆ ಮಾಡಿದರೆ ಅದು ಕಳ್ಳತನ.

ಹಿರಿಯರೇ, ನಿಮಗೂ ಒಂದು ಸಮಾಧಾನದ ಮಾತು. 1960ರ ದಶಕದ ಆರಂಭದಲ್ಲಿ ಅಮೆರಿಕದ ಎಂಐಟಿಯಲ್ಲಿ ಒಂದೇ ಕಂಪ್ಯೂಟರನ್ನು ಹಲವರು ಹಂಚಿಕೊಂಡು ಬಳಸುತ್ತಿದ್ದಾಗ ಪಾಸ್‌ವರ್ಡ್ ಪದ್ಧತಿ ತಂದವರು ಫರ್ನಾಂಡೊ ಕಾರ್ಬಾಟೊ. ಮುಪ್ಪಿನಲ್ಲಿ ಅವರೇ, ಈ ಪಾಸ್‌ವರ್ಡುಗಳ ಕಾಟ ದುಃಸ್ವಪ್ನದಂತಾಗಿದೆ ಎಂದರು. ತಮ್ಮ ಪಾಸ್‌ವರ್ಡುಗಳನ್ನು ಹಾಳೆಯ ಮೇಲೆ ಬರೆದಿಟ್ಟುಕೊಂಡಿದ್ದರು! ಅದನ್ನು ತಂದವರಿಗೇ ನೆನಪಿರದಿದ್ದರೆ ನಾವು ಮರೆತದ್ದು ದೊಡ್ಡ ತಪ್ಪೇನಲ್ಲ.

ಈಗ ನಮ್ಮ ಮನೆಯಲ್ಲಿ ಮೂರು ನಿಯಮ. ಪಾಸ್‌ವರ್ಡನ್ನು ಒಂದು ಹಾಳೆಯಲ್ಲಿ ಬರೆದು ಟ್ರಂಕಿನಲ್ಲಿ, ಹೊಲದ ಪಹಣಿಯ ಜೊತೆ ಇಟ್ಟಿದ್ದೇನೆ. ತಿಂಗಳಿಗೊಮ್ಮೆ ಪಟ್ಟಿಯನ್ನು ಪೆನ್‌ಡ್ರೈವಿಗೆ ನಕಲು ಮಾಡುತ್ತೇನೆ. ಮೂರನೆಯದು, ಬ್ಯಾಂಕಿನ ಪಿನ್ ಅಥವಾ ಒಟಿಪಿ ಕೇಳಿ ಯಾರು ಫೋನ್ ಮಾಡಿದರೂ ಹೇಳುವುದಿಲ್ಲ. ‘ನಿಮ್ಮ ಪಾಸ್‌ವರ್ಡ್ ಸರಿಮಾಡಿ ಕೊಡುತ್ತೇವೆ’ ಎನ್ನುವವರಿಗಂತೂ ಮೊದಲೇ ಇಲ್ಲ.

ಬಾಗಿಲು ತೆರೆದ ಮೇಲೆ ಮೊಮ್ಮಗಳು, “ಎಲ್ಲಾ ಅದಾವೇನು ನೋಡು ತಾತ” ಎಂದಳು. ನಾನು ಹುಡುಕಿದ ಮೊದಲ ಪದ ಹಗೇವು. ಅರ್ಥ: ಕಾಳು ತುಂಬುವ ನೆಲದ ಕಣಜ. ಹೇಳಿದವರು: ಅವ್ವ. ಕಣ್ಣೊರೆಸಿಕೊಂಡೆ. “ಪೊರೆ ತೆಗೆದ ಕಣ್ಣು, ನೀರು ಬರ್ತೈತಿ” ಎಂದೆ. ಅವಳು ಏನೂ ಅನ್ನದೆ ಚಹಾ ತರಲು ಎದ್ದು ಹೋದಳು.

ಮಕ್ಕಳೇ, ಈ ವಾರ ನಿಮ್ಮ ಮನೆಯ ತಾತ, ಅಜ್ಜಿಯನ್ನು ಕೇಳಿ, ನೀವು ಕೇಳಿರದ ಒಂದು ಪದ ಬರೆದುಕೊಳ್ಳಿ. ಹೇಳಿದವರ ಹೆಸರನ್ನೂ ಪಕ್ಕದಲ್ಲಿ ಬರೆಯಲು ಮರೆಯಬೇಡಿ.