ಉಣ್ಣೆ ಬೆರೆಸಬೇಡಿ, ತಳಿ ಮರೆಯಬೇಡಿ

ಕುರಿಯ ಮೈಮೇಲೆ ಬೆಳೆದದ್ದೆಲ್ಲ ಒಂದೇ ಉಣ್ಣೆ ಎಂಬ ಭಾವನೆ ನಮ್ಮಲ್ಲಿ ಅನೇಕರಿಗಿದೆ. ಕತ್ತರಿಸಿದ್ದನ್ನೆಲ್ಲ ಒಂದೇ ಚೀಲಕ್ಕೆ ತುಂಬಿ ವ್ಯಾಪಾರಿ ಹೇಳಿದ ಬೆಲೆಗೆ ಕೊಡುತ್ತೇವೆ. ಆ ಬೆಲೆ ಎಷ್ಟೋ ಸಲ ಕತ್ತರಿಸಿದವನ ಕೂಲಿಗೂ ಸಾಲದು. ಆದ್ದರಿಂದ ಈಗ ಉಣ್ಣೆಯನ್ನು ಬೇಲಿಯ ಬದಿಗೆ ಎಸೆಯುವವರೂ ಇದ್ದಾರೆ. ಇದರಲ್ಲಿ ಮಾರುಕಟ್ಟೆಯ ದೋಷ ಇದ್ದೇ ಇದೆ. ಬೆರೆಸಿ ಮಾರುವ ನಮ್ಮ ಅಭ್ಯಾಸದ ಪಾಲೂ ಇದೆ.

ಕೈಯಿಂದ ನೂಲುವವರಿಗೆ ಒಂದೊಂದು ತಳಿಯ ಉಣ್ಣೆಯೂ ಒಂದೊಂದು ಬಗೆ. ರಾಜಸ್ಥಾನದ ಚೋಕ್ಲಾ ಆ ಸೀಮೆಯ ಉಣ್ಣೆಗಳಲ್ಲಿ ನಯವಾದದ್ದು. ಬಿಕಾನೇರ್ ಕಡೆಯ ಮಗ್ರಾ ಹೊಳಪಿನದು, ರತ್ನಗಂಬಳಿಗೆ ಹೆಸರಾದದ್ದು. ನೀಲಗಿರಿ ಕುರಿಯಲ್ಲಿ ಮೆರಿನೋ ರಕ್ತ ಬೆರೆತಿರುವುದರಿಂದ ಅದರ ಎಳೆ ಮೆದು. ನಮ್ಮ ಬನ್ನೂರು ಕುರಿ ಮಾಂಸಕ್ಕೆ ಹೆಸರು; ಅದರಿಂದ ನೂಲು ಬಯಸುವುದು ಸಲ್ಲದು.

ದಖನಿ ಕುರಿಯ ಉಣ್ಣೆ ಒರಟು. ಸ್ವೆಟರ್ ಹೆಣೆದರೆ ಮೈಗೆ ಚುಚ್ಚುತ್ತದೆ. ನಯವಾದದ್ದೇ ಒಳ್ಳೆಯದೆಂದು 1970ರ ದಶಕದಲ್ಲಿ ಮೆರಿನೋ, ರಾಂಬುಲೆ ಟಗರುಗಳೊಡನೆ ಇದನ್ನು ಸಂಕರ ಮಾಡುವ ಪ್ರಯೋಗಗಳೂ ನಡೆದವು. ಆದರೆ ಚಳ್ಳಕೆರೆ ಸೀಮೆಯ ಕಂಬಳಿಗೆ ಬೇಕಾದುದು ಆ ಒರಟುತನವೇ. ಆ ನೂಲಿಗೆ ಹುಣಸೆ ಬೀಜದ ಸರಿ ಹಾಕಿ ಮಗ್ಗದಲ್ಲಿ ನೇಯ್ದ ಕಂಬಳಿ ಹಗಲು ಮಳೆ ತಡೆಯುತ್ತದೆ, ರಾತ್ರಿ ಹಾಸಿಗೆಯಾಗುತ್ತದೆ. ಕರಿಯ ಉಣ್ಣೆಗೆ ಬಣ್ಣದ ಖರ್ಚೂ ಇಲ್ಲ.

ಈಗ ಮಾಂಸದ ಬೆಲೆ ನೋಡಿ ದಖನಿ ಹಿಂಡಿಗೆ ನೆಲ್ಲೂರು, ಕೆಂಗುರಿ ಮುಂತಾದ ಉಣ್ಣೆಯಿಲ್ಲದ ತಳಿಯ ಟಗರು ಬಿಡುತ್ತಿದ್ದೇವೆ. ಬೇಗ ತೂಕ ಬರುವ ಮರಿ ಬೇಕೆಂಬುದು ನ್ಯಾಯವೇ. ಸಂಸಾರ ನಡೆಯುವುದು ಮರಿ ಮಾರಿಯೇ. ಆದರೆ ಮಿಶ್ರ ಮರಿಯ ಮೈಮೇಲೆ ಉಣ್ಣೆ ಕಡಿಮೆ, ಕೂದಲು ಹೆಚ್ಚು. ಹೀಗೇ ಕೆಲವು ತಲೆಮಾರು ನಡೆದರೆ ರಾಟೆಯೂ ಮಗ್ಗವೂ ತಾವಾಗಿಯೇ ನಿಲ್ಲುತ್ತವೆ. ಹಿಂಡಿನ ಒಂದು ಭಾಗಕ್ಕಾದರೂ ಒಳ್ಳೆಯ ಕರಿ ದಖನಿ ಟಗರನ್ನೇ ಉಳಿಸಿಕೊಳ್ಳಬೇಕೆಂಬುದು ನನ್ನ ಅಭಿಪ್ರಾಯ.

ಅಂಥ ಟಗರು ಕೊಳ್ಳುವಾಗ ಭುಜದಿಂದ ಒಂದು ಚಿಟಿಕೆ, ತೊಡೆಯಿಂದ ಒಂದು ಚಿಟಿಕೆ ಉಣ್ಣೆ ತೆಗೆದು ಬೆರಳಲ್ಲಿ ಹೊಸೆದು ನೋಡಿ. ಸುಣ್ಣದಂತೆ ಬಿಳಿಯಾದ ಪೆಡಸು ಕೂದಲು ಬಹಳವಿದ್ದರೆ ಆ ಟಗರು ಬೇಡ. ಕತ್ತರಿಸುವ ಮುನ್ನ ಕುರಿಗಳನ್ನು ಹಳ್ಳದಲ್ಲಿ ಮೀಯಿಸಿ ಚೆನ್ನಾಗಿ ಒಣಗಲು ಬಿಡಿ. ಮರಿಗಳ ಮೊದಲ ಕತ್ತರಿಯ ಉಣ್ಣೆ ಮೆದು, ಒಳ್ಳೆಯ ಕಪ್ಪು. ಅದು ಬೇರೆ ಚೀಲಕ್ಕೆ ಹೋಗಲಿ. ವಯಸ್ಸಾದ ಕುರಿಗಳ ನರೆತ ಉಣ್ಣೆ ಬೇರೆ, ಹೊಟ್ಟೆ ಕಾಲುಗಳ ಕೊಳೆ ಉಣ್ಣೆ ಬೇರೆ ಇರಲಿ.

ಉಣ್ಣೆ ಕೊಳ್ಳುವ ಸಹಕಾರ ಸಂಘಗಳೂ ವಿಂಗಡಿಸಿದ ಉಣ್ಣೆಗೆ ತಕ್ಕ ಬೆಲೆ ಕೊಡಬೇಕು. ಬೆಲೆಯಲ್ಲಿ ವ್ಯತ್ಯಾಸ ಕಾಣದಿದ್ದರೆ ಯಾವ ಕುರಿಗಾರನೂ ಎರಡನೆಯ ಚೀಲ ತರುವುದಿಲ್ಲ.